ಬಾಯಿ ಮುಚ್ಚಿಕೊಂಡು ಕೂರುವ ಕೆಲಸ

ಭಾನುವಾರ, ಜೂನ್ ೧೪

ಪ್ರೀತಿಯ ದಾರದುಂಡೆಗೆ,

ಹಾಸ್ಟೆಲಿನ ಊಟ ಹೇಗಿದೆ ಎಂದು ಕೇಳುವುದಿಲ್ಲ, ಉತ್ತರ ಗೊತ್ತಿದೆ. ನಿನ್ನ ಪ್ರಶ್ನೆಗೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಬೈಯಬೇಡ. "ಅಮ್ಮಾ, ಅಪ್ಪ ಫೋನಲ್ಲಿ ಹೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಹೇಳ್ತಾರೆ? ಹುಷಾರಾಗಿದಾರೆ ತಾನೇ?" ಎಂದು ನೀನು ಕೇಳಿದ್ದೆ. ನಮ್ಮ ಮನೆಯಲ್ಲಿ ಫೋನಿನ ಮಾತು ಪಕ್ಕದ ಕೋಣೆಯಲ್ಲಿ ಹೊಲಿಯುತ್ತ ಕೂತ ನಿಮ್ಮಪ್ಪನಿಗೂ ಕೇಳಿಸುತ್ತದೆ. ಮೇಲಾಗಿ ಆಡಿದ್ದನ್ನು ತಿದ್ದಲಾಗುವುದಿಲ್ಲ, ಬರೆದದ್ದನ್ನು ತಿದ್ದಬಹುದು. ತಿದ್ದಿಯೇ ಹೊಟ್ಟೆ ಹೊರೆದವಳು ನಾನು.

ಮೊದಲು ಆಫೀಸಿನ ಸುದ್ದಿ. ಕೈಪಿಡಿ ಬರೆಯುವ ಕೆಲಸಕ್ಕೆ ನಾನು ಸೇರಿದಾಗ ಮಿಕ್ಸಿಯ ಜೊತೆ ಒಂದು ಪುಸ್ತಕ ಬರುತ್ತಿತ್ತು. ಆಮೇಲೆ ಅದು ಮಡಚಿದ ಹಾಳೆಯಾಯಿತು, ಆಮೇಲೆ ಸಿ.ಡಿ., ಈಗ ಡಬ್ಬದ ಮೇಲೊಂದು ಚೌಕದ ಗುರುತು. ಫೋನು ಹಿಡಿದರೆ ವಿಡಿಯೊ ಓಡುತ್ತದೆ. ಇಂಜಿನಿಯರು "ಉಷ್ಣ ನಿಯಂತ್ರಕವನ್ನು ಅಪೇಕ್ಷಿತ ಸ್ಥಿತಿಗೆ ತರತಕ್ಕದ್ದು" ಎಂದು ಕೊಟ್ಟದ್ದನ್ನು ನಾನು "ಎಷ್ಟು ಬಿಸಿ ಬೇಕೋ ಅಷ್ಟು ತಿರುಗಿಸಿ" ಎಂದು ಇಳಿಸುತ್ತಿದ್ದೆ. ಅಷ್ಟೇ ನನ್ನ ವಿದ್ಯೆ. ಈಗ ಅದನ್ನೂ ಕಂಪ್ಯೂಟರೇ ಬರೆಯುತ್ತದೆ. ನಾನು ಓದಿ 'ಸರಿ' ಎಂದು ಗುರುತು ಹಾಕಬೇಕು. ತಪ್ಪು ಹುಡುಕಲು ಕೂತರೆ ಸಿಗುವುದೂ ಇಲ್ಲ, ಹಾಳಾದ್ದು! ಕುರ್ಚಿ ಅಷ್ಟೇ, ಕೆಲಸ ಇಷ್ಟೇ, ಮರ್ಯಾದೆ ಅಷ್ಟಕ್ಕಷ್ಟೇ.

ನಮ್ಮ ಮನೆಯ ಪರೀಕ್ಷೆ ನಿನಗೆ ನೆನಪಿರಬೇಕು. ಯಾವ ಹೊಸ ಯಂತ್ರ ಬಂದರೂ ಅದರ ಕೈಪಿಡಿ ಮೊದಲು ನಿಮ್ಮಪ್ಪನ ಕೈಗೆ. ಅವರು ಓದುತ್ತ ಓದುತ್ತ ಮಾಡಬೇಕು. ನಾನು ಹಿಂದೆ ಸ್ಟೂಲಿನ ಮೇಲೆ, ಕೈ ಮಡಿಲಲ್ಲಿಟ್ಟು, ತುಟಿ ಬಿಗಿದು ಕೂರಬೇಕು. ಸಹಾಯ ಮಾಡುವಂತಿಲ್ಲ, ಕೆಮ್ಮುವಂತೆಯೂ ಇಲ್ಲ. ಅವರು ಎಲ್ಲಿ ನಿಂತರೋ ಅಲ್ಲಿ ವಾಕ್ಯದ ತಪ್ಪು, ಓದಿದವರದ್ದಲ್ಲ. ನಮ್ಮ ಕಸುಬಿನ ಮೊದಲ ನಿಯಮ ಅದು. "ಯಾರೇ ಇದನ್ನ ಬರ್ದಿದ್ದು? ಮುಚ್ಚಳ ಎಲ್ಲಿದೆ ಅಂತ ಹೇಳ್ದೆ ಮುಚ್ಚಳ ತೆಗಿ ಅಂದ್ರೆ, ನನ್ನ ನೆತ್ತಿ ಮೇಲಿಂದ ತೆಗೀಲಾ?" ಎಂದು ಅವರು ಕೂಗುತ್ತಿದ್ದುದು, ನೀನು ಪಿಸುಗುಟ್ಟಿ ಉತ್ತರ ಹೇಳಿಕೊಟ್ಟಿದ್ದಕ್ಕೆ ನಿನ್ನನ್ನು ಆಚೆ ಕಳಿಸಿದ್ದು!

ಹೋದ ತಿಂಗಳು ಉಗಿಯ ಇಸ್ತ್ರಿಪೆಟ್ಟಿಗೆ ಬಂತು. ಕಂಪ್ಯೂಟರು ಬರೆದಿತ್ತು: "ನೀರು ತುಂಬಿ. ಮುಚ್ಚಳ ಹಾಕಿ. ಆಮೇಲೆ ಸ್ವಿಚ್ ಹಾಕಿ." ಹುಟ್ಟಿದಾಗಿನಿಂದ ಇಸ್ತ್ರಿಪೆಟ್ಟಿಗೆ ಹಿಡಿದ ದರ್ಜಿ ನಿಮ್ಮಪ್ಪ. ನೀರಿನ ಚೊಂಬು ಹಿಡಿದುಕೊಂಡು ನಿಂತೇಬಿಟ್ಟರು. ಸುಳ್ಳೇಕೆ, ನನಗೆ ಹಿಗ್ಗಾಯಿತು. ಕಂಪ್ಯೂಟರು ಕೊನೆಗೂ ಸಿಕ್ಕಿಬಿತ್ತು ಎಂದುಕೊಂಡೆ.

ಮರುದಿನ ಮ್ಯಾನೇಜರ್ ಮುಂದೆ ನಿಂತೆ. "ಸರ್, ಇದು ಜನಕ್ಕೆ ಅರ್ಥ ಆಗಲ್ಲ."

"ಯಾವ ಜನಕ್ಕೆ ಮೇಡಂ?"

"ನಮ್ಮನೆಯವರಿಗೆ."

ಅವರು ಗೇಟಿನ ವಾಚ್‌ಮನ್‌ನನ್ನು ಕರೆಸಿದರು. ಅವನು ಓದಿದ, ನೀರು ತುಂಬಿದ, ಬುಸ್ಸೆಂದು ಉಗಿ ಬಂತು. "ಇಷ್ಟೇನಾ ಮೇಡಂ? ಹಂಗೇ ನನ್ನ ಅಂಗಿಗೂ ಒಂದು ಕೈ ಆಡಿಸ್ಕೊಂಡ್ಬಿಡ್ಲಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

ಮನೆಗೆ ಬಂದು ನಾನೇ ಹೊಸದಾಗಿ ಬರೆದೆ. ಅಕ್ಷರ ದಪ್ಪ ಮಾಡಿದೆ. ಚಿತ್ರ ಬಿಡಿಸಿದೆ, ಬಾಣದ ಗುರುತು ಹಾಕಿದೆ. ಪ್ರಾಸ ಕಟ್ಟಿದರೆ ನೆನಪಿರುತ್ತದೆಂದು "ನೀರು ಒಳಗೆ, ಉಗಿ ಹೊರಗೆ" ಎಂದೂ ಬರೆದೆ. ಪ್ರತಿ ಸಲವೂ ನಿಮ್ಮಪ್ಪ ಚೊಂಬು ಹಿಡಿದು ಅಲ್ಲೇ ನಿಂತರು. ಪರೀಕ್ಷೆ ಮುಗಿದ ಮೇಲೆ ಕೇಳಬಹುದಲ್ಲ, ಕೇಳಿದೆ: "ರೀ, ಎಲ್ಲಿ ಅರ್ಥ ಆಗ್ಲಿಲ್ಲ?"

"ಅರ್ಥ ಆಯ್ತು ಕಣೇ. ನೀರು ತುಂಬ್ಬೇಕು. ಯಾವುದಕ್ಕೆ ಅನ್ನೋದೇ ಒಂಚೂರು..." ಎಂದು ನಕ್ಕು, ಚೊಂಬಿನ ನೀರನ್ನು ತಾವೇ ಕುಡಿದರು.

ಕನ್ನಡಕ ಬದಲಾಯಿಸಿದೆವು. ದೀಪ ದೊಡ್ಡದು ಹಾಕಿಸಿದೆವು. ಡಾಕ್ಟರ ಹತ್ತಿರ ಹೋದರೆ, ಅವರು ನಿಮ್ಮಪ್ಪನಿಗೆ ಇವತ್ತು ಯಾವ ವಾರ ಎಂದೆಲ್ಲ ಕೇಳಿ, ಗಡಿಯಾರದ ಚಿತ್ರ ಬಿಡಿಸಲು ಹೇಳಿ, "ಮುಂದಿನ ವಾರ ಮಕ್ಕಳು ಯಾರಾದ್ರೂ ಇದ್ರೆ ಜೊತೇಲಿ ಕರ್ಕೊಂಡು ಬನ್ನಿ" ಎಂದರು. ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೋ, ದೇವರೇ ನೆಲವೇ ಡೊಂಕಾಗಿರಲಿ, ನನ್ನ ವಾಕ್ಯವೇ ಕೆಟ್ಟದಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಕೆಟ್ಟ ವಾಕ್ಯಕ್ಕಾದರೆ ನನ್ನ ಹತ್ತಿರ ಮದ್ದಿದೆ.

ಆದ್ದರಿಂದ ನಿನ್ನ ಪ್ರಶ್ನೆಗೆ ಸದ್ಯದ ಉತ್ತರ ಇಷ್ಟು: ವಾಕ್ಯ ಇನ್ನೂ ಸರಿಯಾಗಿಲ್ಲ. ತಿದ್ದುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಓದಿ ಓದಿ ಕೆಡಿಸಿಕೊಳ್ಳಬೇಡ ಕಣ್ಣು. ನಿನಗೆ ಎಲ್ಲ ಒಳ್ಳೆಯದಾಗಲಿ, ಮಗಳೇ.

ನಿನ್ನ
ಅಮ್ಮ

ಮರೆತಿದ್ದೆ ಎಂದು ಇದನ್ನು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ನಿಮ್ಮಪ್ಪ ತಮ್ಮ ಹೊಲಿಗೆ ಯಂತ್ರದ ಮುಂದೆ ಕೂತರು. ಅದಕ್ಕೆ ಕೈಪಿಡಿಯೇ ಇಲ್ಲ, ನಿಮ್ಮ ತಾತನ ಕಾಲದ್ದು. ದಾರದ ತುದಿಯನ್ನು ಬೆರಳಲ್ಲಿ ಹಿಡಿದು, ಸೂಜಿಯನ್ನು ನೋಡುತ್ತ ಹಾಗೇ ಕೂತುಬಿಟ್ಟರು. ನಾನು ಹಿಂದೆ ಸ್ಟೂಲಿನ ಮೇಲಿದ್ದೆ. ಅಭ್ಯಾಸಬಲ, ಕೈ ಮಡಿಲಲ್ಲಿ, ತುಟಿ ಬಿಗಿದು. ತುಂಬ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು. ಕೂಗಲಿಲ್ಲ. ನನಗೆ ಬೇಜಾರಾಗಬಾರದೆಂಬಂತೆ ಮೆಲ್ಲಗೆ ಹೇಳಿದರು: "ಇದನ್ನೂ ನೀನೇ ಬರ್ದಿದ್ದೇನೇ? ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ನೋಡು. ಸೇರಿಸಿಬಿಡು."