ಹೂಂ ಅನ್ನುವವಳು

ಯೂನಿಯನ್ ಸಿಟಿ
೯ ಅಕ್ಟೋಬರ್ ೨೦೦೧

ಫೋನು ಕುಕ್ಕಿ ಮುಖ ಊದಿಸಿಕೊಂಡು ಕೂತಿರುವ ನನ್ನ ಗಾನವಿಗೆ,

ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಆದ್ದರಿಂದ ಇದನ್ನು ಜಗನ್ ಗಟ್ಟಿಯಾಗಿ ಓದಲಿ. ಅಳಿಯಂದಿರೇ, ನಡುವೆ ನಿಮ್ಮ ಮಂಡ್ಯದ ಒಗ್ಗರಣೆ ಹಾಕಬೇಡಿ. ನೀನು ಎದುರು ಕೂತು, ಚಿಕ್ಕವಳಿದ್ದಾಗ ಕಥೆ ಕೇಳುತ್ತ ಅನ್ನುತ್ತಿದ್ದಂತೆ ಹೂಂ ಅನ್ನು. ಫೋನಿನಲ್ಲಾದರೆ ಇಂಗ್ಲಿಷಿನಲ್ಲಿ ನನ್ನನ್ನು ಗೆದ್ದುಬಿಡುತ್ತೀಯ.

ಬರುವ ಭಾನುವಾರ ಹೇವರ್ಡಿನ ಚರ್ಚಿನ ಶಾಂತಿ ಸಭೆಯಲ್ಲಿ ನಾನೂ ನಿನ್ನ ಒಡೆಸಾ ಆಂಟಿಯೂ ಹಾಡಬಾರದು ಎಂದು ನೀನು ಅಂದೆ. ಅವಳಿ ಗೋಪುರ ಉರುಳಿ ತಿಂಗಳಾಗುತ್ತ ಬಂತು, ಯುದ್ಧ ಈಗಷ್ಟೇ ಶುರುವಾಗಿದೆ, ನಮ್ಮ ಬಣ್ಣದವರು ವೇದಿಕೆ ಹತ್ತದೆ ತೆಪ್ಪಗಿರಬೇಕು ಅಂದೆ. ನಿನ್ನ ಭಯ ಸುಳ್ಳಲ್ಲ. ಕಳೆದ ವಾರ ಗ್ರೋಸರಿ ಅಂಗಡಿಯ ಮುಂದೆ ಪೇಟದ ಮುದುಕರೊಬ್ಬರಿಗೆ ಯಾರೋ ಕಾರಿನಿಂದಲೇ ಬೈದು ಹೋದದ್ದನ್ನು ನಾನೇ ಕಂಡೆ. ಮರುದಿನ ಸೀರೆ ಬಿಟ್ಟು ಪ್ಯಾಂಟು ಹಾಕಿಕೊಂಡು ಹೋದೆ. ಮನೆಗೆ ಬಂದು ನಾಚಿಕೆಯಿಂದ ಅತ್ತೆ. ಜಗನ್ ನನ್ನ ಕಾರಿಗೆ ಅಂಟಿಸಿದ ಈ ದೇಶದ ಬಾವುಟ ಇನ್ನೂ ಹಾಗೇ ಇದೆ, ಕೀಳಲು ಧೈರ್ಯವಿಲ್ಲ.

ಇಷ್ಟು ವರ್ಷ ನೀವಿಬ್ಬರೂ ಹಾಡಿ ಯಾವ ಯುದ್ಧ ನಿಂತಿತು ಎಂದು ಕೂಡ ನೀನು ಕೇಳಿದೆ. ಒಂದೂ ನಿಲ್ಲಲಿಲ್ಲ. ನಿಮ್ಮಪ್ಪ ಬದುಕಿದ್ದಾಗ ಇದನ್ನೇ ತಮಾಷೆ ಮಾಡುತ್ತಿದ್ದರು. ಇಂಗ್ಲಿಷ್ ಪದಕ್ಕೆಲ್ಲ ಉಕಾರ ಹಚ್ಚುವ ನಾಲಗೆ ನಮ್ಮದು; ಒಡೆಸಾಳ ಸೋಲ್ ಸಂಗೀತ, ಅಂದರೆ ಆತ್ಮದ ಸಂಗೀತ, ನಮ್ಮ ಮನೆಯಲ್ಲಿ ಸೋಲು ಸಂಗೀತವಾಗಿತ್ತು. ನಾನು ಹಾಡಿ ಬಂದರೆ ಬಾಗಿಲಲ್ಲೇ, ಏನ್ ನೀಲಾ, ಇವತ್ತಿನ ಸೋಲು ಮುಗೀತೇನು ಎಂದು ಕೇಳುತ್ತಿದ್ದರು. ಆದರೂ ಊಟ ಬಿಸಿ ಮಾಡಿ ಇಟ್ಟಿರುತ್ತಿದ್ದರು.

ಒಡೆಸಾ ನಿನಗೆ ಹುಟ್ಟಿದಾಗಿನಿಂದ ಆಂಟಿ. ನನಗೆ ಸಿಕ್ಕಿದ್ದು ಹೇವರ್ಡಿನಲ್ಲಿ, ಟೊಮ್ಯಾಟೊ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ, ನಿಮ್ಮಪ್ಪ ಇನ್ನೂ ಓದುತ್ತಿದ್ದಾಗ. ಕಪ್ಪು ಜನರ ಚರ್ಚಿನಲ್ಲಿ ಹಾಡಿ ಬೆಳೆದ ಹುಡುಗಿ. ಅವಳ ಅಣ್ಣ ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದ ವರ್ಷ ಅದು. ಕೆಲಸ ಮಾಡುತ್ತಲೇ ಹಾಡಿಕೊಳ್ಳುತ್ತಿದ್ದಳು. ಪದ ನನಗೆ ತಿಳಿಯುತ್ತಿರಲಿಲ್ಲ, ಸಂಕಟದ ಕಥೆ ಎಂದು ಮಾತ್ರ ಗೊತ್ತಾಯಿತು. ಗದಗಿನಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂ ಅನ್ನಲೇಬೇಕಿತ್ತು. ಅನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಅದೇ ಅಭ್ಯಾಸದಲ್ಲಿ ಅವಳ ಸಾಲಿನ ಕೊನೆಗೆ ನಾನು ಹೂಂ ಅಂದೆ. ಅವಳು ಥಟ್ಟನೆ ತಿರುಗಿದಳು. ಅವರ ಚರ್ಚಿನಲ್ಲೂ ಹಾಗೆಯೇ ಅನ್ನುತ್ತಾರಂತೆ. ನಿಲ್ಲಿಸಬೇಡ, ಇನ್ನೊಮ್ಮೆ ಅನ್ನು ಎಂದಳು. ನಮ್ಮ ಜೋಡಿ ಶುರುವಾದದ್ದು ಹೀಗೆ.

ಆಮೇಲೆ ಎಲ್ಲೆಲ್ಲಿ ಹಾಡಲಿಲ್ಲ! ಸೈನಿಕರು ಹೊರಡುವ ಓಕ್ಲೆಂಡ್ ಬಂದರಿನ ಗೇಟಿನ ಮುಂದೆ, ಜೈಲಿನಲ್ಲಿ, ಗುಂಡೇಟಿಗೆ ಸತ್ತ ಹುಡುಗರ ತಾಯಂದಿರ ಅಂಗಳದಲ್ಲಿ. ಎರಡು ರೆಕಾರ್ಡು ಬಂದವು. ಹೆಚ್ಚಿನ ಪ್ರತಿಗಳು ಮಾರಾಟವಾಗದೆ ನಮ್ಮ ಗ್ಯಾರೇಜಿನಲ್ಲೇ ಇವೆ. ಸ್ಯಾನ್ ಮಟಿಯೋದಲ್ಲಿ ನಿನ್ನ ಡಾಟ್ ಕಾಮ್ ಕಂಪನಿಯ ಪಾರ್ಟಿ ನೆನಪಿದೆಯಾ? ನಿಮ್ಮ ಬಾಸು ಸ್ವಲ್ಪ ಖುಷಿಯದ್ದು ಹಾಡಿ ಅಂದಾಗ ಒಡೆಸಾ, ನನ್ನ ಖುಷಿಯ ಹಾಡು ಇದೇ ಎಂದು ಆಗಷ್ಟೇ ಮುಗಿಸಿದ್ದ ಸಂಕಟದ ಹಾಡನ್ನೇ ಮತ್ತೆ ಎತ್ತಿಕೊಂಡಳು. ನೀನು ತಲೆ ತಗ್ಗಿಸಿದೆ. ಈ ಮಾರ್ಚಿನಲ್ಲಿ ಕಂಪನಿ ಮುಚ್ಚಿದಾಗ ಮಾತ್ರ ನೀನು ಅಳುತ್ತ ಹೋದದ್ದು ನನ್ನ ಬಳಿಗಲ್ಲ, ಅವಳ ಬಳಿಗೆ. ಅವಳು ಬುದ್ಧಿ ಹೇಳಲಿಲ್ಲ, ಹಾಡಲೂ ಇಲ್ಲ. ನೀನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತ ಪಕ್ಕದಲ್ಲಿ ಕೂತಿದ್ದಳು ಎಂದು ನೀನೇ ಹೇಳಿದೆ.

ನಾವು ಮಾಡಿದ್ದೂ ಅಷ್ಟೇ ಮಗಳೇ. ಮಗನನ್ನು ಕಳೆದುಕೊಂಡವರ ಎದುರು ಕೂತು ಹೂಂ ಅಂದೆವು. ಯಾರೂ ಅನ್ನದಿದ್ದರೆ ಅವರ ಸಂಕಟ ಸಿಟ್ಟಾಗುವುದನ್ನು ನಾನು ಕಂಡಿದ್ದೇನೆ. ಇದಕ್ಕಿಂತ ದೊಡ್ಡ ಶಾಂತಿ ನನಗೆ ಗೊತ್ತಿಲ್ಲ.

ಭಾನುವಾರ ಸೀರೆ ಉಟ್ಟೇ ಹೋಗುತ್ತೇನೆ. ನನಗೂ ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲದ ಅಮ್ಮ,
ನೀಲಾಬಾಯಿ

ತಾ.ಕ.: ಒಡೆಸಾ ಹೇಗಿದ್ದಾಳೆ ಎಂದು ನೀನು ಕೇಳಿದಾಗಲೆಲ್ಲ ಚೆನ್ನಾಗಿದ್ದಾಳೆ ಎಂದೆ. ಕೆಲಸ ಹೋದ ಬೇಸರದಲ್ಲಿರುವ ನಿನಗೆ ಇನ್ನೊಂದು ನೋವು ಬೇಡ ಅನ್ನಿಸಿತು. ಆಗಸ್ಟಿನಲ್ಲಿ ಅವಳಿಗೆ ಸ್ಟ್ರೋಕು ಆಯಿತು. ಮಾತು ಹೋಗಿದೆ, ಹಾಡೂ ಹೋಗಿದೆ. ಬೇಕು ಎನ್ನಲೂ ನೋವು ಎನ್ನಲೂ ಉಳಿದಿರುವುದು ಒಂದೇ ಸದ್ದು, ಹೂಂ. ಚರ್ಚಿನವರು ಸಭೆಗೆ ಕರೆಯಲು ಬಂದಾಗ ನಾನು ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಹೂಂ ಅಂದಳು. ಅವಳ ಸಾಲುಗಳನ್ನು ನಾನು ಎಂದೂ ಹಾಡಿದವಳಲ್ಲ, ಗಂಟಲು ಕೈಕೊಟ್ಟೀತೆಂದು ಹೆದರಿದ್ದೇನೆ. ಭಾನುವಾರ ಹಾಡುವವಳು ನಾನು, ಹೂಂ ಅನ್ನುವವಳು ಅವಳು. ವ್ಹೀಲ್‌ಚೇರನ್ನು ವೇದಿಕೆಗೆ ಏರಿಸಲು ನನ್ನೊಬ್ಬಳಿಂದ ಆಗದು. ಬರುತ್ತೀಯಾ? ಉತ್ತರ ಬರೆಯಬೇಡ, ಇಂಗ್ಲಿಷಿನಲ್ಲಿ ವಾದವೂ ಬೇಡ. ಫೋನು ಮಾಡಿ ಹೂಂ ಅನ್ನು, ಸಾಕು.