ಮ್ಯೂನಿಕ್‌ನಲ್ಲಿ ಹಿಮ ಬಿದ್ದ ದಿನ

ಬಿನ್ ಒಮ್ರಾನ್, ದೋಹಾ
ಫೆಬ್ರವರಿ 9, 2025

ಪ್ರೀತಿಯ ಲ್ಯಾನ್ಸಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಫೋನಿನಲ್ಲಾದರೆ ನಾಲ್ಕು ಮಾತು ಮುಗಿಯುವುದರೊಳಗೆ ನಮ್ಮಿಬ್ಬರ ದನಿ ಏರುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ಕಂಪನಿ ಬಸ್ಸು ಓಡಿಸುವ ಝಕರಿಯಾನ ಕೈಯಲ್ಲಿ ಮೆಸಯೀದಿಗೆ ಕಳಿಸುತ್ತಿದ್ದೇನೆ.

ಜನವರಿ ಪೂರ್ತಿ ನಾನು ಜರ್ಮನಿಯಲ್ಲಿದ್ದೆ, ಮ್ಯೂನಿಕ್‌ನಲ್ಲಿ. ನಾನು ನೋಡಿಕೊಳ್ಳುವ ಕತಾರಿ ಅಜ್ಜಿ ಉಮ್ ನಾಸಿರ್ ಅವರ ಸೊಂಟದ ಆಪರೇಷನ್‌ಗೆ ಮಗ ನಾಸಿರ್ ಅಲ್ಲಿಗೆ ಕರೆದುಕೊಂಡು ಹೋದ. ಅಜ್ಜಿಗೆ ನನ್ನ ಕೈಯೇ ಆಗಬೇಕು, ಹಾಗಾಗಿ ನಾನೂ ಹೊರಟೆ. ಆಸ್ಪತ್ರೆಯ ಹತ್ತಿರವೇ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದರು. ಕೆಳಗಿನ ಬೀದಿಯ ಅಂಗಡಿಗಳ ಬೋರ್ಡೆಲ್ಲ ಅರಬ್ಬಿಯಲ್ಲಿ. ಖರ್ಜೂರವೂ ಸಿಗುತ್ತದೆ, ಧೂಪಕ್ಕೆ ಹಾಕುವ ಊದ್ ಕೂಡ ಸಿಗುತ್ತದೆ. ಆದರೆ ಸಂಜೆಯ ಚಹಾ ಕುಡಿಯುವ ಮೊದಲೇ ಕತ್ತಲು. ಮರಗಳಲ್ಲಿ ಒಂದೆಲೆಯಿಲ್ಲ. ನಮ್ಮ ಬೆಳ್ಮಣ್ಣಿನ ಕಡೆಯವರು ಯಾರಾದರೂ ನೋಡಿದರೆ ಎಲ್ಲ ಸತ್ತ ಮರ, ಕಡಿದು ಸೌದೆ ಮಾಡಬಹುದು ಎನ್ನುತ್ತಿದ್ದರು.

ಅಜ್ಜಿಗೆ ದೋಹಾದಲ್ಲಿ ಒಬ್ಬಳು ತಂಗಿ, ಲುಲ್ವಾ. ದಿನಾ ಬೆಳಿಗ್ಗೆ ಅವಳಿಗೆ ಫೋನು. ಹಿಮ ಬಿದ್ದರೆ ವಿಡಿಯೋ ಕಾಲ್ ಮಾಡಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು.

ಆಪರೇಷನ್‌ಗೆ ಎರಡು ದಿನ ಇದೆ ಎನ್ನುವಾಗ ನಾಸಿರ್ ನನ್ನನ್ನು ಅಡುಗೆಮನೆಗೆ ಕರೆದ. “ಲುಲ್ವಾ ಚಿಕ್ಕಮ್ಮ ಹೋದರು. ನಿದ್ದೆಯಲ್ಲೇ. ಅಮ್ಮನಿಗೆ ಏನೂ ಹೇಳಬಾರದು. ಆಪರೇಷನ್ ಆಗಲಿ, ಆಮೇಲೆ ನಾನೇ ಹೇಳುತ್ತೇನೆ. ಖಲಾಸ್” ಎಂದ. ಅಷ್ಟು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡ.

ನಾನು ಹೊರಗೆ ಬಂದರೆ ಅಜ್ಜಿ ಕಿಟಕಿಗೆ ಮೂಗು ಒತ್ತಿ ಕೂತಿದ್ದಾರೆ. ಹಿಮ! “ಮಟಿಲ್ಡಾ, ಯಲ್ಲಾ, ಯಲ್ಲಾ!” ಎಂದು ಚಿಕ್ಕ ಮಕ್ಕಳ ಹಾಗೆ ಕರೆದರು. ಎರಡು ಕೋಟು ತೊಡಿಸಿ ವೀಲ್‌ಚೇರಿನಲ್ಲಿ ಕೆಳಗೆ ಕರೆದುಕೊಂಡು ಹೋದೆ. ಜನ ಜಾರಬಾರದೆಂದು ಅಲ್ಲಿ ಕಾಲುದಾರಿಗೆ ಸಣ್ಣ ಜಲ್ಲಿ ಎರಚುತ್ತಾರೆ. ಚಕ್ರದಡಿ ಅದು ಕರಕರ ಅನ್ನುವುದು ಕೇಳಿಯೂ ಅವರಿಗೆ ನಗು. ಕೈಗವಸು ತೆಗೆದು ಒಂದು ಹಿಡಿ ಹಿಮ ಬಾಯಿಗೆ ಹಾಕಿಕೊಂಡರು. ಆಮೇಲೆ, “ಲುಲ್ವಾಗೆ ಫೋನು ಹಚ್ಚು” ಎಂದರು.

“ಅವರು ಮಲಗಿದ್ದಾರಂತೆ ಅಜ್ಜೀ, ಈಗ ತಾನೆ ಕೇಳಿದೆ” ಎಂದೆ. ಲ್ಯಾನ್ಸಿ, ಆ ಸುಳ್ಳಿಗೆ ನನ್ನ ನಾಲಿಗೆ ಸ್ವಲ್ಪವೂ ತೊದಲಲಿಲ್ಲ. ಹಿಮದ ಉಂಡೆ ಮಾಡಿ ಅವರ ಮಡಿಲಿಗೆ ಎಸೆದೆ, ಜಾರಿ ಬಿದ್ದ ಹಾಗೆ ನಟಿಸಿದೆ, ಅವರನ್ನು ನಗಿಸಿಯೇ ನಗಿಸಿದೆ.

ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದರು. “ನಿನ್ನೆ ನೀನು ನನಗಿಂತ ಹೆಚ್ಚು ನಗುತ್ತಿದ್ದೆ. ಯಾರು ಹೋದರು?”

ನನಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಹೆಸರು ಹೇಳಿದೆ.

ಅವರು ಚಹಾದ ಲೋಟವನ್ನು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: “ನಾನು ಹಿಮ ತಿನ್ನುವಾಗ ಅವಳನ್ನು ಮಣ್ಣು ಮಾಡುತ್ತಿದ್ದರೇನು? ಗೊತ್ತಿದ್ದೂ ನನ್ನನ್ನು ನಗಿಸಿದೆಯಾ?”

ಈ ಮಾತು ನಿನಗೆ ಹೊಸತಲ್ಲ. ನನ್ನ ಅಮ್ಮ ಊರಲ್ಲಿ ಐಸಿಯುನಲ್ಲಿದ್ದ ಎರಡು ದಿನ ನೀನು ನನ್ನನ್ನು ಬಿರಿಯಾನಿ ತಿನ್ನಿಸಲು ಕರೆದುಕೊಂಡು ಹೋದೆ, ಕಾರ್ನಿಷ್‌ನ ಕಡಲದಂಡೆಯಲ್ಲಿ ದೋಣಿ ಹತ್ತಿಸಿದೆ. ಅಮ್ಮ ತೀರಿಕೊಂಡ ಮೇಲಷ್ಟೇ ನೀನು ಬಾಯಿಬಿಟ್ಟೆ. “ನಿನಗೆ ರಜೆ ಸಿಗ್ತಿರ್ಲಿಲ್ಲ ಮಾರಾಯ್ತಿ, ಸುಮ್ಮನೆ ಅಳ್ತಾ ಕೂರುವುದು ಬೇಡ ಅಂತ” ಎಂದೆ. ಗೊತ್ತಿದ್ದೂ ನನ್ನನ್ನು ನಗಿಸಿದೆಯಾ ಎಂದು ನಾನು ಕಿರುಚಿದ್ದು ಪಕ್ಕದ ಫ್ಲ್ಯಾಟಿಗೂ ಕೇಳಿತ್ತು. ನೀನು ನಮ್ಮ ಮನೆ ಬಿಟ್ಟು ಮೆಸಯೀದಿನ ಕಂಪನಿ ಕ್ವಾರ್ಟರ್ಸ್ ಸೇರಿದ ಮೇಲೂ ನನ್ನ ಮನಸ್ಸಿನಲ್ಲಿ ಅದೇ ಮಾತು ಕುದಿಯುತ್ತಿತ್ತು.

ನಾನು ಅಜ್ಜಿಗೆ ಹೇಳಿದ್ದು ತಿಳಿದು ನಾಸಿರ್ ನನ್ನ ಮೇಲೆ ಕೂಗಾಡಿದ, ಮುಂದಿನ ವಿಮಾನಕ್ಕೇ ಕಳಿಸುತ್ತೇನೆ ಎಂದ. ಒಳಗಿನಿಂದ ಅಜ್ಜಿಯ ದನಿ ಬಂತು: “ಅವಳಿಗೆ ಟಿಕೆಟ್ ಮಾಡುವುದಾದರೆ ನನಗೂ ಮಾಡು.” ಆಪರೇಷನ್ ಒಂದು ವಾರ ಮುಂದೆ ಹೋಯಿತು. ಆ ವಾರ ಅವರು ನನ್ನ ಹತ್ತಿರ ಮಾತಾಡಿದ್ದು ಬರೀ ಔಷಧಿ, ನೀರು, ಚಾದರ. ನನಗೆ ಅದು ಹೊಡೆದದ್ದಕ್ಕಿಂತ ಹೆಚ್ಚು ನೋವಾಯಿತು. ನೀನು ನನ್ನ ಮೌನವನ್ನು ಎಷ್ಟು ತಿಂಗಳು ಸಹಿಸಿದೆ ಎಂದು ಅಲ್ಲಿ ಯೋಚನೆ ಬಂತು.

ಆಪರೇಷನ್ ಥಿಯೇಟರಿಗೆ ಕರೆದೊಯ್ಯುವಾಗ ಹಾಸಿಗೆ ನಿಲ್ಲಿಸಲು ಹೇಳಿ ನನ್ನನ್ನು ಹತ್ತಿರ ಕರೆದರು. “ಸುಳ್ಳು ಹೇಳಿದ್ದಕ್ಕೆ ಸಿಟ್ಟು ಇದೆ. ಹಿಮಕ್ಕೆ ಕರೆದುಕೊಂಡು ಹೋದದ್ದಕ್ಕೆ ಇಲ್ಲ” ಎಂದರು. ಈಗ ದೋಹಾದ ಮನೆಯಲ್ಲಿ ವಾಕರ್ ಹಿಡಿದು ನಡೆಯುತ್ತಾರೆ. ಬಂದ ದಿನವೇ ಲುಲ್ವಾಳ ಮನೆಗೆ ಹೋಗಿ ಅವಳ ಮಂಚದ ಮೇಲೆ ಕೂತು ಮನಸ್ಸಿಗೆ ಸಾಕಾಗುವಷ್ಟು ಅತ್ತರು.

ನಿನ್ನನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ನನ್ನ ಅಳುವನ್ನು ನನ್ನಿಂದ ಕಿತ್ತುಕೊಂಡೆ, ಅದು ನಿನ್ನದಾಗಿರಲಿಲ್ಲ. ಆದರೆ ಆ ದೋಣಿಯಲ್ಲಿ ನೀನೊಬ್ಬನೇ ಏನನ್ನು ಹೊತ್ತು ಕೂತಿದ್ದೆ ಎನ್ನುವುದು ಈಗ ನನಗೆ ಗೊತ್ತು. ಅಷ್ಟನ್ನಾದರೂ ನಿನಗೆ ತಿಳಿಸಬೇಕು ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮಟಿಲ್ಡಾ

ಮರೆತಿದ್ದೆ: ಮರೆತದ್ದೇನೂ ಅಲ್ಲ, ಬರೆಯಲು ಧೈರ್ಯ ಬೇಕಿತ್ತು. ಕ್ರಿಸ್ಮಸ್ಸಿನ ಮರುದಿನ ನಿನಗೆ ಎದೆನೋವು ಬಂದದ್ದು, ಸ್ಟೆಂಟ್ ಹಾಕಿದ್ದು ನಿನ್ನ ತಮ್ಮ ಟೋನಿ ಹೇಳಿದ. “ಅತ್ತಿಗೆ, ನಾನು ಹೇಳಿದೆ ಅಂತ ಅಣ್ಣನಿಗೆ ಗೊತ್ತಾಗುವುದು ಬೇಡ” ಎಂದು ಬೇಡಿಕೊಂಡ. ನಾನು ಹೇಳಿಬಿಟ್ಟೆ. ಶುಕ್ರವಾರ ಬರುತ್ತಿದ್ದೇನೆ. ಗೇಟಿನಲ್ಲಿ ನನ್ನ ಹೆಸರು ಬರೆಸಿಡು. ನಾನು ನಿನಗೆ ಏನಾಗಬೇಕು ಎಂದು ಕೇಳಿದರೆ ಹೆಂಡತಿ ಎಂದೇ ಬರೆಸು.