ಅವಳಿಗೆ ರಾತ್ರಿ ಪಾಳಿ ಬೇಡ

ಕ್ಯಾಂಟೀನು, ನಿನ್ನ ಆಫೀಸಿನ ನೆಲಮಹಡಿ
ಮಾರ್ಚ್ ೧೪, ಮಧ್ಯಾಹ್ನ

ನನ್ನ ಪುಟ್ಟಿಗೆ, ಅಮ್ಮನ ಮುದ್ದು.

ಹೇಗಿದ್ದೀಯೆ? ಸೊಂಟನೋವು ಇಳಿಯಿತೇ? ಕೂಸು ಮಲಗಲು ಬಿಡುತ್ತದೆಯೋ, ನಿನ್ನಂತೆಯೇ ಹಟಮಾರಿಯೋ? ಬಾಣಂತನಕ್ಕೆ ನಿನ್ನನ್ನು ಅಕ್ಕನ ಮನೆಗೆ ಕಳಿಸಿ ನಾನಿಲ್ಲಿ ಕಾಫಿ ಸೋಸುತ್ತ ಕೂತಿದ್ದೇನೆಂದು ಮನಸ್ಸಿಗೆ ಕಸಿವಿಸಿ. ಏನು ಮಾಡಲಿ, ಒಂದು ವಾರ ಬಾಗಿಲು ಹಾಕಿದರೆ ಈ ಜಾಗದಲ್ಲಿ ಕಾಫಿ ಯಂತ್ರ ತಂದಿಡುತ್ತಾರೆ.

ಮೇಲಿನ ಮಹಡಿಯವರು ಲೋಟ ಹಿಡಿದರೆ ಗಲ್ಲಾದಲ್ಲಿ ನಾನೊಬ್ಬಳಿದ್ದೇನೆ ಎಂಬುದನ್ನೇ ಮರೆಯುತ್ತಾರೆ. ಹೋದ ತಿಂಗಳು ನಿಮ್ಮ ಮ್ಯಾನೇಜರು ಅಳಿಯಂದಿರನ್ನು ಕೇಳಿದರು, "ಏನ್ರೀ, ನಿಮ್ಮನೆಯವ್ರು ವಾಪಸ್ ಬಂದ್ಮೇಲೆ ರಾತ್ರಿ ಪಾಳಿ ಮಾಡ್ತಾರಾ?" ಅಳಿಯಂದಿರು, "ಅವಳಿಗೆ ಬೇಡ ಸಾರ್, ಮಗು ಚಿಕ್ಕದು. ಅವಳ ಪಾಳೀನೂ ನಾನೇ ಮಾಡ್ತೀನಿ" ಎಂದರು. ನನಗೋ ಹಾಲು ಕುಡಿದಷ್ಟು ಸಂತೋಷ! ಒಂದೇ ಟೀಮಿನಲ್ಲಿ ಕೆಲಸ ಮಾಡುವ ಗಂಡ ಸಿಕ್ಕರೆ ಹೀಗಿರಬೇಕು ಎಂದು ಅವರ ಬನ್ನಿಗೆ ಬೆಣ್ಣೆ ಜಾಸ್ತಿ ಸವರಿದೆ.

ನಿನ್ನೆ ಅದೇ ಮ್ಯಾನೇಜರು ಪಕ್ಕದವರಿಗೆ ಹೇಳುತ್ತಿದ್ದರು: "ಕೆಲಸದಲ್ಲಿ ಆಕೇನೇ ಮುಂದು, ಇಲ್ಲ ಅನ್ನಲ್ಲ. ಆದ್ರೆ ರಾತ್ರಿ ಸರ್ವರ್ ಡೌನ್ ಆಗಿ ಕೆಲ್ಸ ನಿಂತ್ರೆ ಎದ್ದು ಬರದವ್ರನ್ನ ಟೀಮ್ ಲೀಡ್ ಮಾಡೋದು ಹೇಗ್ರೀ? ಆಕೆ ಗಂಡನೇ ಬೇಡ ಅಂದಿದ್ದಾರೆ." ಪಕ್ಕದವರು "ಪಾಪ" ಎಂದು ಇನ್ನೊಂದು ಬನ್ನು ಕೇಳಿದರು. ಬಾಣಂತನಕ್ಕೆ ಹೊರಡುವಾಗ ನೀನು "ವಾಪಸ್ ಬಂದ್ಮೇಲೆ ನಾನೇ ಲೀಡ್, ನೋಡ್ತಿರಮ್ಮ" ಅಂದಿದ್ದೆಯಲ್ಲ, ಅದು ನೆನಪಾಗಿ ಚಿಲ್ಲರೆ ತಪ್ಪಾಗಿ ಕೊಟ್ಟೆ. ಆ ಹಾಳು ಸರ್ವರಿಗಾಗಿ ನೀನು ಎಷ್ಟು ರಾತ್ರಿ ಹಾಸಿಗೆ ಬಿಟ್ಟು ಎದ್ದಿಲ್ಲ! ಒಂದೂ ಜಮಾ ಆಗಿಲ್ಲ. ಪಾಳಿ ಬೇಕೋ ಬೇಡವೋ ಎಂದು ನಿನ್ನನ್ನು ಕೇಳಿದವರೂ ಇಲ್ಲ, ಬೆಣ್ಣೆ ಸವರಿದ ನಾನೂ ಸೇರಿ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕನನ್ನು ಕೇಳಿದೆನೆಂದು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ಅಮ್ಮ

ಇದನ್ನು ಬರೆಯುವುದೋ ಬೇಡವೋ ಎಂದಿದ್ದೆ: ಇವತ್ತು ಅಳಿಯಂದಿರು ಮಹಡಿಯವರಿಗೆಲ್ಲ ಕಾಫಿ ಕೊಡಿಸಿದರು. ಟೀಮ್ ಲೀಡ್ ಆದದ್ದು ಅವರೇ. "ಅತ್ತೆ, ಅವಳಿಗೆ ನಾನೇ ನಿಧಾನಕ್ಕೆ ಹೇಳ್ತೀನಿ, ನೀವು ಹೇಳ್ಬೇಡಿ" ಎಂದರು. ಲೋಟ ತೊಳೆಯುತ್ತ ತಲೆಯಾಡಿಸಿದೆ. ಆ ಜಾಗ ಹೋಯಿತು, ಪುಟ್ಟಿ. ಆದರೂ ಮ್ಯಾನೇಜರಿಗೆ ನೀನೇ ಫೋನು ಮಾಡಿ, ಪಾಳಿ ಬೇಕು ಅನ್ನು. ಆ ರಾತ್ರಿಗಳಲ್ಲಿ ಕೂಸು ನನ್ನ ಪಕ್ಕ ಮಲಗಲಿ.